ಟ್ರಾನ್ಸ್‌ಫರ್ ಸುದ್ದಿ ಓದೂ ಮೊದಲ ಕರಾರಿನ ಕೊನೀ ತಾರೀಖು ನೋಡ್ರಿ

ಲೆಕ್ಕದ ಪುಸ್ತಕ, ಟಿಳಕವಾಡಿ

ಎಲ್ಲಾರಿಗೂ ನಮಸ್ಕಾರ. ಫುಟ್‌ಬಾಲ್ ಕ್ಲಬ್ಬುಗಳು ಆಟಗಾರರನ್ನ ಕೊಂಡು ಮಾರೂ ಅವಧಿ, ಅಂದ್ರ ಜನವರಿ ಕಿಟಕಿ, ತೆರೀತಂದ್ರ ನಮ್ಮ ಬೆಳಗಾವಿ ಗುಂಪುಗಳಾಗ ಮುಂಜಾನಿಂದ ರಾತ್ರಿ ತನಕ ಒಂದ ಮಾತು: ಇಂವ ಅಲ್ಲಿಗೆ ಹೊಂಟಾನ, ಅಂವ ಇಲ್ಲಿಗೆ ಬರ್ತಾನ, ಇಷ್ಟು ಕೋಟಿ ಅಂತ. ಕೋಟಿ ಎಷ್ಟು ಅನ್ನೂದರ ಮ್ಯಾಲ ಜಗಳ ಆಗ್ತಾವು. ಆ ಹುಡುಗನ ಕರಾರು ಯಾವಾಗ ಮುಗೀತೈತಿ ಅಂತ ಯಾರೂ ಕೇಳಂಗಿಲ್ಲ. ನನ್ನ ಪ್ರಕಾರ ಎಲ್ಲಾ ಬೆಲಿ ಹುಟ್ಟೂದು ಆ ತಾರೀಖಿನಿಂದ.

2025ರ ಬೇಸಿಗೀದು ಎರಡು ಉದಾಹರಣಿ ನೋಡ್ರಿ. ಅಲೆಕ್ಸಾಂಡರ್ ಇಸಾಕ್‌ಗ ನ್ಯೂಕ್ಯಾಸಲ್ ಜೋಡಿ 2028ರ ತನಕ ಕರಾರು ಇತ್ತು. ಅಂವ ಆಡಂಗಿಲ್ಲ ಅಂತ ಕುಂತ, ಕ್ಲಬ್ ಕೊಡಂಗಿಲ್ಲ ಅಂತ ಕುಂತಿತು. ಕಡೀಕ ಸೆಪ್ಟೆಂಬರ್ 1ರಂದು ಲಿವರ್‌ಪೂಲ್ 12.5 ಕೋಟಿ ಪೌಂಡ್ ಕೊಟ್ಟು ಒಯ್ತು. ಬ್ರಿಟನ್‌ದಾಗ ಅದ ದಾಖಲೆ. ಅದ ಲಿವರ್‌ಪೂಲ್‌ನ ಟ್ರೆಂಟ್ ಅಲೆಕ್ಸಾಂಡರ್ ಆರ್ನಾಲ್ಡ್‌ನ ಕರಾರು ಜೂನ್ 30ಕ್ಕ ಮುಗೀತಿತ್ತು. ಜಗತ್ತಿನ್ಯಾಗ ಅಂಥಾ ರೈಟ್ ಬ್ಯಾಕ್ (ಬಲಬದಿ ಕಾಯೂ ಆಟಗಾರ) ಕೈಬೆರಳಿನ್ಯಾಗ ಎಣಿಸೂವಷ್ಟು. ರಿಯಲ್ ಮ್ಯಾಡ್ರಿಡ್ ಕೊಟ್ಟಿದ್ದು ಸುಮಾರು 1 ಕೋಟಿ ಯೂರೋ ಅಂತ ವರದಿ. ಅದೂ ಕ್ಲಬ್ ವಿಶ್ವಕಪ್ ಆಡ್ಸಾಕ ಕರಾರು ಮುಗಿಯೂಕಿಂತ ಒಂದು ತಿಂಗಳು ಮೊದಲ ಬೇಕಾಗಿತ್ತು ಅನ್ನೂ ಸಲುವಾಗಿ. ಜುಲೈ 1ರ ತನಕ ತಡದಿದ್ರ ಒಂದು ಪೈಸಾನೂ ಇಲ್ಲ.

ಆಟದ ತೂಕ ನೋಡಿದ್ರ ಇಬ್ಬರ ನಡುವ ಸುಮಾರು ಹದಿನಾಕು ಪಟ್ಟು ಫರಕು ಇಲ್ಲ. ಆ ಫರಕು ಪೂರಾ ಕಾಗದದ ಮ್ಯಾಲ ಉಳದಿದ್ದ ವರ್ಷಗಳದ್ದು.

ಗೋಕಾಕ ರೆಡ್

ಸರ, ಟ್ರೆಂಟ್‌ನ ಹೆಸರು ತಗೀಬ್ಯಾಡ್ರಿ, ಇನ್ನೂ ಎದಿ ಉರೀತೈತಿ. ಆರು ವರ್ಷದ ಕೂಸಿದ್ದಾಗ ಅಕಾಡೆಮಿಗೆ ಬಂದಂವ. ಇಪ್ಪತ್ತು ವರ್ಷ ಬೆಳಸಿದ ಕ್ಲಬ್ಬಿಗೆ ಕೈಯಾಗ ಏನೂ ಇಡದ ಹೋದ. ಹೋಗಬೇಕಿದ್ರ ಹೋಗಲಿ, ಒಂದು ವರ್ಷ ಮೊದಲ ಹೇಳಿದ್ರ ಕ್ಲಬ್ಬಿಗೆ ನಾಕು ದುಡ್ಡು ಬರ್ತಿತ್ತು. ಅಷ್ಟು ನಿಯತ್ತು ಬ್ಯಾಡೇನ್ರಿ?

ಶಹಾಪುರ ಡಿಫೆಂಡರ್

ಅಣ್ಣಾ, ಹೊಸಾ ಕರಾರು ಸಹಿ ಮಾಡ್ಸೂದು ಕ್ಲಬ್ಬಿನ ಕೆಲಸ. ಎರಡು ವರ್ಷ ಉಳದಾಗ ಮಾತಾಡದ ಕುಂತ್ರ ಆಟಗಾರನ್ನ ಬೈದು ಏನು ಉಪಯೋಗ?

ಲೆಕ್ಕದ ಪುಸ್ತಕ, ಟಿಳಕವಾಡಿ

ಗೋಕಾಕದ ಅಣ್ಣಾರ, ನಿಮ್ಮ ಸಂಕಟ ಖರೇ. ಆದ್ರ ಈ ಹಕ್ಕು ಆಟಗಾರಗ ಹೆಂಗ ಸಿಕ್ಕಿತು ಅನ್ನೂದು ನೆನಪಿಡಬೇಕು.

ಬೆಲ್ಜಿಯಂನ ಜಾನ್ ಮಾರ್ಕ್ ಬಾಸ್ಮನ್ ಆರ್‌ಎಫ್‌ಸಿ ಲಿಯೇಜ್‌ನ್ಯಾಗ ಆಡ್ತಿದ್ದ. 1990ರಾಗ ಅವನ ಕರಾರು ಮುಗೀತು. ಹೊಸಾ ಕರಾರಿನ್ಯಾಗ ಪಗಾರ 1,20,000 ಫ್ರಾಂಕ್‌ನಿಂದ 30,000ಕ್ಕ ಇಳಿಸಿದ್ರು. ಅಂವ ಒಲ್ಲೆ ಅಂದ. ಫ್ರಾನ್ಸಿನ ಡಂಕರ್ಕ್ ಕ್ಲಬ್ ಕರೀತು, ಆದ್ರ ಲಿಯೇಜ್ ಬಿಡಲಿಲ್ಲ. ಅಂದ್ರ ಕರಾರು ಮುಗದಿತ್ತು, ಪಗಾರ ಕೊಡ್ತಿದ್ದಿಲ್ಲ, ಬ್ಯಾರೆ ಕಡೆ ಹೋಗಾಕೂ ಬಿಡ್ತಿದ್ದಿಲ್ಲ. ಐದು ವರ್ಷ ಕೋರ್ಟ್ ಕಟ್ಟಿ ಹತ್ತಿದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಕಡೆ ತೀರ್ಪು ಕೊಟ್ಟಿತು. ಕರಾರು ಮುಗದ ಮ್ಯಾಲ ಹಳೇ ಕ್ಲಬ್ ರೊಕ್ಕ ಕೇಳಂಗಿಲ್ಲ. ತೀರ್ಪು ಬರೂದ್ರಾಗ ಅವನ ಆಟದ ವಯಸ್ಸು ಹೋಗಿಬಿಟ್ಟಿತ್ತು. ಟ್ರೆಂಟ್ ಮ್ಯಾಡ್ರಿಡ್‌ಗೆ ಹೋಗಿದ್ದು ಆ ಮನಿಷಾನ ಹೆಗಲ ಮ್ಯಾಲ ಕಾಲಿಟ್ಟು. ಹಂಗಾಗಿ ನಾ ಆಟಗಾರನ ಕಡೆನ ನಿಲ್ತೇನಿ.

ಇನ್ನೊಂದು ಮಾತು. ಜನವರಿಯೊಳಗ ಸುದ್ದಿ ಹೆಚ್ಚಾಗೂದಕ್ಕೂ ಕಾರಣ ಇದ. ಕರಾರಿನ್ಯಾಗ ಆರು ತಿಂಗಳು ಉಳೀತಂದ್ರ ಆಟಗಾರ ಬ್ಯಾರೆ ಕ್ಲಬ್ ಜೋಡಿ ಮುಂಗಡ ಕರಾರು ಮಾಡ್ಕೊಳ್ಳಾಕ ಫಿಫಾ ನಿಯಮ ಬಿಡ್ತೈತಿ. ಜೂನ್ 30ಕ್ಕ ಮುಗಿಯೂವಂವ ಜನವರಿ 1ರಿಂದ ಪರದೇಶದ ಕ್ಲಬ್ಬಿನ ಜೋಡಿ ರಾಜಾರೋಷಾಗಿ ಮಾತಾಡಬಹುದು. ಈ ತಿಂಗಳ ಸುದ್ದಿ ಬಂದಾಗ ಮೊದಲ ಅದನ್ನ ನೋಡ್ರಿ.

ಕ್ಯಾಂಪ್ ವಿಂಗರ್

ನನಗ ಇನ್ನೊಂದು ತಿಳೀವಲ್ದು ಸರ. 2024ರ ಜೂನ್ ಕೊನೀ ವಾರದಾಗ ನ್ಯೂಕ್ಯಾಸಲ್ ಎಲಿಯಟ್ ಆ್ಯಂಡರ್ಸನ್‌ನ್ನ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಮಾರಿತು. ಊರಿನ ಹುಡುಗ, ಸಣ್ಣಂವಿದ್ದಾಗಿಂದ ಆ ಕ್ಲಬ್ಬಿನ್ಯಾಗ ಬೆಳದಂವ. ಯಾವ ಅಭಿಮಾನಿಗೂ ಬ್ಯಾಡಾಗಿತ್ತು. ಸೌದಿ ಮಾಲೀಕರು ಇದ್ದು ರೊಕ್ಕದ ಕೊರತಿ ಏನು? ಹೊರಗಿಂದ ಕೊಂಡವರನ್ನ ಇಟ್ಕೊಂಡು ಮನಿ ಮಗನ್ನ ಯಾಕ ಮಾರಿದ್ರು?

ಲೆಕ್ಕದ ಪುಸ್ತಕ, ಟಿಳಕವಾಡಿ

ಇದು ನನ್ನ ದಂಧೇದ ಪ್ರಶ್ನಿ. ಸ್ವಲ್ಪ ಉದ್ದ ಆಗತೈತಿ, ತಾಳ್ಮಿಲೆ ಓದ್ರಿ.

ಒಂದು ಕ್ಲಬ್ 100 ಕೋಟಿ ಕೊಟ್ಟು ಆಟಗಾರನ್ನ ಕೊಂಡು ಐದು ವರ್ಷದ ಕರಾರು ಮಾಡಿತು ಅನ್ರಿ. ಆ 100 ಕೋಟಿ ಒಂದ ವರ್ಷದ ಖರ್ಚು ಅಂತ ಪುಸ್ತಕದಾಗ ಬರಿಯಂಗಿಲ್ಲ. ಕರಾರಿನ ವರ್ಷಗಳ ಮ್ಯಾಲ ಹಂಚ್ತಾರ, ವರ್ಷಕ್ಕ 20 ಕೋಟಿ. ಮೂರು ವರ್ಷ ಆದ ಮ್ಯಾಲ ಪುಸ್ತಕದಾಗ ಅವನ ಬೆಲಿ 40 ಕೋಟಿ. ಆಗ 50ಕ್ಕ ಮಾರಿದ್ರೂ 10 ಕೋಟಿ ನಫೆ. ಕೊಂಡದ್ದಕ್ಕಿಂತ ಅರ್ಧಾ ಬೆಲಿಗೆ ಮಾರಿ ನಫೆ ತೋರ್ಸೂದು ಅಂದ್ರ ಇದ.

ಅಕಾಡೆಮಿಯಿಂದ ಬೆಳದ ಹುಡುಗನ್ನ ಕೊಂಡಿಲ್ಲ. ಪುಸ್ತಕದಾಗ ಅವನ ಬೆಲಿ ಸೊನ್ನೆ. ಅವನ್ನ 50ಕ್ಕ ಮಾರಿದ್ರ 50ಕ್ಕ 50 ನಫೆ. ಇಂಗ್ಲೆಂಡಿನ ದೊಡ್ಡ ಲೀಗ್ ಆದ ಪ್ರೀಮಿಯರ್ ಲೀಗ್‌ನ ನಿಯಮದಾಗ 2025–26ರ ಹಂಗಾಮಿನ ತನಕ ಮೂರು ವರ್ಷ ಕೂಡಿ 10.5 ಕೋಟಿ ಪೌಂಡಿಗಿಂತ ಹೆಚ್ಚು ಲುಕ್ಸಾನು ಆಗಬಾರದಿತ್ತು. ಬಹಳಷ್ಟು ಕ್ಲಬ್ಬುಗಳು ಲೆಕ್ಕ ಮುಚ್ಚೂದು ಜೂನ್ 30ಕ್ಕ. ಮಾಲೀಕನ ಕಿಸೆ ಎಷ್ಟು ದೊಡ್ಡದಿದ್ರೂ ನಡೀತಿದ್ದಿಲ್ಲ. ಜೂನ್ 28ಕ್ಕ ಕೊರತಿ ಕಂಡ್ರ ಯಾರನ್ನ ಮಾರಬೇಕು? ಸೊನ್ನೆ ಬೆಲಿಯ ಹುಡುಗನ್ನ. ಆ್ಯಂಡರ್ಸನ್ ಹೋಗಿದ್ದು ಹಿಂಗ. ಚೆಲ್ಸಿ ಮೇಸನ್ ಮೌಂಟ್, ಕಾನರ್ ಗ್ಯಾಲಗರ್ ಅವರನ್ನ ಮಾರಿದ್ದಕ್ಕೂ ಈ ಲೆಕ್ಕನ ಇಂಬು ಕೊಟ್ಟಿತು.

ಇದು ನನಗ ಸಿಟ್ಟು ತರಿಸೂ ಸಂಗತಿ. ಊರಿನ ಹುಡುಗನ್ನ ಬೆಳಸ್ರಿ ಅಂತ ಹೇಳಬೇಕಾದ ನಿಯಮ, ಊರಿನ ಹುಡುಗನ್ನ ಮೊದಲ ಮಾರ್ರಿ ಅಂತ ಹೇಳ್ತಿತ್ತು.

ಶಹಾಪುರ ಡಿಫೆಂಡರ್

ಫಾರೆಸ್ಟ್ ಕ್ಲಬ್ಬಿಂದು ಇದರ ಉಲ್ಟಾ ಕತಿ. ಬ್ರೆನನ್ ಜಾನ್ಸನ್ ಅವರ ಅಕಾಡೆಮಿ ಹುಡುಗ. 2023ರ ಜೂನ್ ಒಳಗ ಮಾರಿದ್ರ ಲೆಕ್ಕ ಸರಿ ಹೋಗ್ತಿತ್ತು. ಹೆಚ್ಚು ಬೆಲಿ ಬರ್ತೈತಿ ಅಂತ ತಡದು ಸೆಪ್ಟೆಂಬರ್ 1ಕ್ಕ ಟಾಟನ್‌ಹ್ಯಾಮ್‌ಗೆ ಸುಮಾರು 4.75 ಕೋಟಿ ಪೌಂಡಿಗೆ ಮಾರಿದ್ರು. ಬೆಲಿ ಬಂತು, ಆದ್ರ ತಾರೀಖು ದಾಟಿತ್ತು. ಮಿತಿಗಿಂತ 3.45 ಕೋಟಿ ಪೌಂಡ್ ಮ್ಯಾಲ ಹೋದ್ರು ಅಂತ 2024ರ ಮಾರ್ಚ್‌ನ್ಯಾಗ 4 ಅಂಕ ಕಳದ್ರು. ವ್ಯಾಪಾರಸ್ಥ ಶಾಣ್ಯಾತನ ಮಾಡಿದ್ರ ಅಂಕ ಕಳೀತಾರ. ಇದೆಂಥಾ ನ್ಯಾಯ ಅಂತ ನನಗೂ ಅನಸ್ತೈತಿ.

ಅನಗೋಳ ಕೀಪರ್

ನಿಯಮ ಬೈಯೂ ಮುಂದ 'ಬರಿ' ಅನ್ನೂ ಇಂಗ್ಲೆಂಡಿನ ಕ್ಲಬ್ ನೆನಪು ಮಾಡ್ಕೊಳ್ರಿ. 1885ರಾಗ ಹುಟ್ಟಿದ ಕ್ಲಬ್, ಎರಡು ಸಲ ಎಫ್‌ಎ ಕಪ್ ಗೆದ್ದದ್ದು. ಸಾಲ ತೀರಿಸಾಕ ಆಗಲಿಲ್ಲ, 2019ರ ಆಗಸ್ಟ್‌ನ್ಯಾಗ ಲೀಗ್‌ನಿಂದ ಹೊರಗ ಹಾಕಿದ್ರು. ಅಜ್ಜ, ಅಪ್ಪ, ಮಗ ಮೂರು ತಲಿ ಹೋಗ್ತಿದ್ದ ಮೈದಾನಕ್ಕ ಕೀಲಿ ಬಿತ್ತು. ಖರ್ಚಿಗೆ ಮಿತಿ ಬೇಕ ಬೇಕು. ಮಿತಿ ಹೆಂಗಿರಬೇಕು ಅನ್ನೂದ್ರ ಬಗ್ಗೆ ವಾದ ಮಾಡೋಣು, ಇರಬಾರದು ಅಂದ್ರ ನಾ ಒಪ್ಪಂಗಿಲ್ಲ.

ಕ್ಯಾಂಪ್ ವಿಂಗರ್

ಹಂಗಾದ್ರ ಚೆಲ್ಸಿ ಎಂಟೂವರೆ ವರ್ಷದ ಕರಾರು ಮಾಡಿದ್ದು ಇದ ಲೆಕ್ಕಕ್ಕೇನು?

ಲೆಕ್ಕದ ಪುಸ್ತಕ, ಟಿಳಕವಾಡಿ

ಅದಕ್ಕನ. ಎಂಜೊ ಫರ್ನಾಂಡಿಸ್‌ಗ 2023ರ ಜನವರಿಯೊಳಗ 10.68 ಕೋಟಿ ಪೌಂಡ್ ಕೊಟ್ಟು 2031ರ ತನಕ ಕಟ್ಟಿದ್ರು. ಎಂಟೂವರೆ ವರ್ಷಕ್ಕ ಹಂಚಿದ್ರ ವರ್ಷದ ಹೊರಿ ಹಗರ ಆಗತೈತಿ. ಆಮ್ಯಾಲ ಯುರೋಪಿನ ಫುಟ್‌ಬಾಲ್ ಸಂಸ್ಥಾ ಯುಯೆಫಾ ಬಾಗಲಾ ಹಾಕಿತು: ಕರಾರು ಎಷ್ಟ ಉದ್ದ ಇರಲಿ, ಲೆಕ್ಕದಾಗ ಐದು ವರ್ಷಕ್ಕಿಂತ ಹೆಚ್ಚು ಹಂಚಂಗಿಲ್ಲ. 2023ರ ಡಿಸೆಂಬರ್‌ನ್ಯಾಗ ಪ್ರೀಮಿಯರ್ ಲೀಗ್ ಕ್ಲಬ್ಬುಗಳೂ ಮತ ಹಾಕಿ ಅದನ್ನ ಒಪ್ಕೊಂಡುವು.

ಉದ್ದ ಕರಾರು ಆಟಗಾರಗೂ ಪೂರಾ ಚೊಲೋ ಅಲ್ಲ. ಪಗಾರ ಗಟ್ಟಿ ಇರತೈತಿ, ಖರೇ. ಆದ್ರ ಕೋಚ್‌ಗ ಬ್ಯಾಡಾದ ಮ್ಯಾಲ ಹೊರಗ ಬರೂ ಬಾಗಲಾ ಅವನ ಕೈಯಾಗ ಇರಂಗಿಲ್ಲ.

ಅನಗೋಳ ಕೀಪರ್

ಸುದ್ದಿಗಳ ಬಗ್ಗೆ ನನ್ನ ಒಂದು ಅನುಭವ ಹೇಳ್ತೇನಿ. ಯಾವ ಸುದ್ದಿ ಬಂದ್ರೂ, ಇದರಿಂದ ಯಾರಿಗೆ ಫಾಯಿದೆ ಅಂತ ಕೇಳ್ಕೋತೇನಿ. ಕರಾರಿನ್ಯಾಗ ಒಂದೂವರೆ ವರ್ಷ ಉಳದ ಆಟಗಾರನ ಹೆಸರು ಒಮ್ಮೆಲೆ ಮೂರು ದೊಡ್ಡ ಕ್ಲಬ್ ಜೋಡಿ ಕೇಳಿಬಂತಂದ್ರ, ಬಹಳ ಸಲ ಅದು ಏಜೆಂಟ್ ಬಿಟ್ಟ ಸುದ್ದಿ. ಈಗಿನ ಕ್ಲಬ್ಬಿನ್ಯಾಗ ಪಗಾರ ಏರಿಸ್ಕೊಂಡು ಸಹಿ ಮಾಡೂದು ಅವನ ಗುರಿ. ಮಾರೂ ಕ್ಲಬ್ ಬಿಟ್ರ ಬೆಲಿ ಏರ್ಸಾಕ. ಡೇವಿಡ್ ಆರ್ನ್‌ಸ್ಟೀನ್‌ನಂಥಾ ಪತ್ರಕರ್ತ ಬರದದ್ದಕ್ಕೂ, ಹೆಸರಿಲ್ಲದ ಪೇಜಿನ ಪೋಸ್ಟರಿಗೂ ಒಂದ ತಕ್ಕಡಿ ಹಿಡೀಬ್ಯಾಡ್ರಿ. ಟ್ರಾನ್ಸ್‌ಫರ್ ಸುದ್ದಿಯ ಪತ್ರಕರ್ತ ಫ್ಯಾಬ್ರಿಜಿಯೊ ರೊಮಾನೊ 'ಹಿಯರ್ ವಿ ಗೋ' ಅಂದಾಗ ಮಾತು ಬಹುತೇಕ ಮುಗದಿರತೈತಿ. ಅದಕ್ಕೂ ಮೊದಲಿನ 'ಆಸಕ್ತಿ ಐತಿ', 'ಕಣ್ಣಿಟ್ಟಾರ' ಅನ್ನೂ ಮಾತಿಗೆ ತೂಕ ಕಡಿಮಿ.

ಮತ್ತ ಹೇಳಿದ ಬೆಲಿ ಒಮ್ಮೆಲೆ ಕೈಗೆ ಬರಂಗಿಲ್ಲ. ನಮ್ಮ ರೈತರಿಗೆ ಕಬ್ಬಿನ ಬಿಲ್ ಕಂತಿನ್ಯಾಗ ಬರೂವಂಗ ಟ್ರಾನ್ಸ್‌ಫರ್ ರೊಕ್ಕಾನೂ ಮೂರು ನಾಕು ಕಂತಿನ್ಯಾಗ ಬರ್ತೈತಿ. ಇಷ್ಟು ಮ್ಯಾಚ್ ಆಡಿದ್ರ, ಇಂಥಾ ಕಪ್ ಗೆದ್ರ ಅಂತ ಶರತ್ತಿನ ರೊಕ್ಕ ಬ್ಯಾರೆ. ಫ್ಲೋರಿಯನ್ ವಿರ್ಟ್ಸ್‌ಗ 11.6 ಕೋಟಿ ಪೌಂಡ್ ಅಂತ ಬಂತಲ್ಲ, ಅದರಾಗ 10 ಕೋಟಿ ಗಟ್ಟಿ, ಉಳದದ್ದು ಶರತ್ತಿಂದು.

ಗೋಕಾಕ ರೆಡ್

ರೊನಾಲ್ಡೊ ಸುದ್ದಿಯಿಂದ ನಮ್ಮ ಭಾಗದವರಿಗೆ ಆದದ್ದು ನೆನಪೈತಲ್ಲ? 2025ರ ಅಕ್ಟೋಬರ್ 22, ಗೋವಾದ ಫತೋರ್ಡಾದಾಗ ಎಫ್‌ಸಿ ಗೋವಾ ಮತ್ತ ರೊನಾಲ್ಡೊನ ಸೌದಿ ಕ್ಲಬ್ ಅಲ್ ನಸ್ರ್. ಅಂವ ಬರ್ತಾನಂತ ನಮ್ಮ ಹುಡುಗರು ಚೋರ್ಲಾ ಘಾಟ ಇಳದು ಹೋದ್ರು. ಅಂವ ಬರಲಿಲ್ಲ. ಮನಸ್ಸಿಗೆ ಭಾಳ ಬ್ಯಾಸರಾತು. ಆದ್ರ ಬ್ರಿಸನ್ ಫರ್ನಾಂಡಿಸ್ ಅಲ್ ನಸ್ರ್‌ಗೆ ಗೋಲ್ ಹೊಡದಾಗ ಕೂಗಿದ್ದು ಇನ್ನೂ ಗಂಟಲದಾಗ ಐತಿ. 2–1 ಸೋತರೂ ನಮ್ಮ ಬಾಜೂಕಿನ ಹುಡುಗ ಹೊಡದ.

ವಡಗಾವಿ ಹಾಫ್

ಪರದೇಶದ್ದು ಸಾಕು, ನಮ್ಮ ದೇಶದ್ದು ಹೇಳ್ರಿ. ಭಾರತದ ಫುಟ್‌ಬಾಲ್ ಫೆಡರೇಶನ್ 2010ರ ಡಿಸೆಂಬರ್‌ನ್ಯಾಗ ಐಎಂಜಿ ರಿಲಯನ್ಸ್ ಜೋಡಿ ಹದಿನೈದು ವರ್ಷದ ಒಪ್ಪಂದ ಮಾಡಿತು, ಮುಂದ ಅದು ದೇಶದ ದೊಡ್ಡ ಲೀಗ್ ಐಎಸ್‌ಎಲ್ ನಡಸಿದ ಎಫ್‌ಎಸ್‌ಡಿಎಲ್ ಕಂಪನಿ ಕೈಗೆ ಬಂತು. ಅದು 2025ರ ಡಿಸೆಂಬರ್‌ಗ ಮುಗೀತೈತಿ ಅಂತ ಹದಿನೈದು ವರ್ಷದಿಂದ ಎಲ್ಲಾರಿಗೂ ಗೊತ್ತಿತ್ತು. ಆದ್ರೂ ಜುಲೈನ್ಯಾಗ ಐಎಸ್‌ಎಲ್ ತಡೀತು, ಆಗಸ್ಟ್‌ನ್ಯಾಗ ಬೆಂಗಳೂರು ಎಫ್‌ಸಿ ಆಟಗಾರರದು, ಸಿಬ್ಬಂದೀದು ಪಗಾರ ನಿಲ್ಲಿಸಿತು. ಹೊಸಾ ಹಕ್ಕಿಗೆ ಟೆಂಡರ್ ಕರದ್ರ ನವೆಂಬರ್‌ನ್ಯಾಗ ಒಂದೂ ಬಿಡ್ ಬರಲಿಲ್ಲ. ಸುನಿಲ್ ಛೆತ್ರಿ ಆಡಿದ ಕ್ಲಬ್ ಅದು, 2016ರಾಗ ಎಎಫ್‌ಸಿ ಕಪ್ ಫೈನಲ್ ತನಕ ಹೋದ ಕ್ಲಬ್. ಕಂಠೀರವದಾಗ ಆ ನೀಲಿ ಅಂಗಿ ನೋಡಿದವರಿಗೆ ಇದನ್ನ ಓದಿದ್ರ ಹೊಟ್ಯಾಗ ಬೆಂಕಿ ಬೀಳತೈತಿ.

ಲೆಕ್ಕದ ಸರ ಹೇಳೂ 'ಕೊನೀ ತಾರೀಖು' ಆಟಗಾರಗ ಅಷ್ಟ ಅಲ್ಲ, ಲೀಗಿಗೂ ಇರತೈತಿ.

ಲೆಕ್ಕದ ಪುಸ್ತಕ, ಟಿಳಕವಾಡಿ

ನೂರಕ್ಕ ನೂರು ಖರೇ. ಪಗಾರದ ಬಗ್ಗೆ ಒಂದು ನಿಯಮ ಎಲ್ಲಾ ಆಟಗಾರರಿಗೂ ಗೊತ್ತಿರಬೇಕು. ಎರಡು ತಿಂಗಳ ಪಗಾರ ಬಾಕಿ ಉಳೀತಂದ್ರ, ಆಟಗಾರ ಕ್ಲಬ್ಬಿಗೆ ಬರದು ಕೊಟ್ಟು 15 ದಿನದ ಗಡುವು ಕೊಡಬಹುದು. ಆಗಲೂ ಕೊಡಲಿಲ್ಲಂದ್ರ ಕರಾರು ಮುರಿಯಾಕ ಅವಗ ನ್ಯಾಯವಾದ ಕಾರಣ ಸಿಕ್ಕಂಗ. ಇದು ಫಿಫಾ ನಿಯಮ.

ಸುಮ್ಮನ ಮುರದ್ರ ಏನಾಗತೈತಿ ಅನ್ನಾಕ ಅನ್ವರ್ ಅಲಿ ಪ್ರಕರಣ ನೋಡ್ರಿ. ಮೋಹನ್ ಬಗಾನ್ ಜೋಡಿಯ ಕರಾರು ಮುರದು ಈಸ್ಟ್ ಬೆಂಗಾಲ್‌ಗೆ ಹೋದ ಅಂತ 2024ರ ಸೆಪ್ಟೆಂಬರ್‌ನ್ಯಾಗ ಫೆಡರೇಶನ್ ಸಮಿತಿ ನಾಕು ತಿಂಗಳ ನಿಷೇಧ ಹಾಕಿ, ಅಂವ, ಈಸ್ಟ್ ಬೆಂಗಾಲ್ ಮತ್ತ ದಿಲ್ಲಿ ಎಫ್‌ಸಿ ಮೂವರೂ ಕೂಡಿ ಮೋಹನ್ ಬಗಾನ್‌ಗೆ 12.9 ಕೋಟಿ ರೂಪಾಯಿ ಕೊಡಬೇಕು ಅಂದಿತು. ಮಾತು ದಿಲ್ಲಿ ಹೈಕೋರ್ಟ್ ಮುಟ್ಟಿತು.

ಖಾನಾಪುರದಾಕಿ

ಅಣ್ಣಾರ, ನಾ ಸುಮ್ಮನ ಓದಿಕೋತ ಇರಾಕಿ. ಈಗ ಕೇಳಲೇಬೇಕಾಗೇತಿ. ನಮ್ಮ ಅಕ್ಕನ ಮಗಗ ಹದಿನೈದು. ಚೊಲೋ ಆಡ್ತಾನ, ಎಡಗಾಲು. ಬ್ಯಾರೆ ಊರಿಂದ ಒಬ್ಬಂವ ಬಂದು, ಸ್ಪೇನ್‌ದಾಗ ಕ್ಲಬ್ಬಿಗೆ ಸೇರಸ್ತೇನಿ, ಮೂರು ಲಕ್ಷ ಕಟ್ರಿ, ಹುಡುಗನ ಕಡೆ ಸಹಿ ಮಾಡ್ಸಿ ಕಳಸ್ರಿ ಅಂತ ಕಾಗದ ಕೊಟ್ಟು ಹೋಗ್ಯಾನ. ನಮ್ಮ ಅಕ್ಕ ಬಂಗಾರ ಅಡಾ ಇಡಾಕ ತಯಾರಾಗ್ಯಾಳ. ಏನ್ ಮಾಡೂದ್ರಿ?

ಲೆಕ್ಕದ ಪುಸ್ತಕ, ಟಿಳಕವಾಡಿ

ಅಕ್ಕಾರ, ರೊಕ್ಕ ಕಟ್ಟಬ್ಯಾಡ್ರಿ. ಸಹಿನೂ ಬ್ಯಾಡ. ಇವತ್ತ ಹೇಳ್ರಿ ಅವರಿಗೆ.

18 ತುಂಬದ ಹುಡುಗನ್ನ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ನೋಂದಣಿ ಮಾಡಾಕ ಫಿಫಾ ಬಿಡಂಗಿಲ್ಲ. ತಂದಿ ತಾಯಿ ಫುಟ್‌ಬಾಲ್‌ಗೆ ಸಂಬಂಧ ಇಲ್ಲದ ಕೆಲಸಕ್ಕ ಆ ದೇಶಕ್ಕ ಹೋಗಿ ನೆಲಸಿದ್ರ, ಅಂಥಾ ಕೆಲವ ವಿನಾಯಿತಿ ಅದಾವು. ಭಾರತದಾಗ ಇದ್ದ ಹದಿನೈದರ ಹುಡುಗ ಸ್ಪೇನ್ ಕ್ಲಬ್ಬಿನ ಕರಾರಿಗೆ ಸಹಿ ಮಾಡೂದು ಆಗದ ಮಾತು. ಇದ ನಿಯಮ ಮುರದದ್ದಕ್ಕ ಬಾರ್ಸಿಲೋನಾದಂಥಾ ಕ್ಲಬ್ಬಿಗೆ 2014ರಾಗ ಫಿಫಾ ಎರಡು ಕಿಟಕಿ ಆಟಗಾರರನ್ನ ನೋಂದಾಯಿಸಬಾರದು ಅಂತ ಶಿಕ್ಷೆ ಹಾಕಿತ್ತು. ಆಗ ಮೆಸ್ಸಿ ಆಡ್ತಿದ್ದ ಕ್ಲಬ್ಬನ್ನೂ ಬಿಡದ ನಿಯಮ ಮೂರು ಲಕ್ಷಕ್ಕ ಸಡ್ಲ ಆಗಂಗಿಲ್ಲ.

ಮುಂದ ಯಾರ ಬಂದ್ರೂ ಕೇಳಬೇಕಾದದ್ದು: ಏಜೆಂಟ್‌ಗ ಫಿಫಾ ಲೈಸೆನ್ಸ್ ಐತೇನು? ಪರೀಕ್ಷಾ ಪಾಸಾಗಿ ಲೈಸೆನ್ಸ್ ಪಡದವರ ಪಟ್ಟಿ ಫಿಫಾ ಜಾಲತಾಣದಾಗ ಸಿಗತೈತಿ. ಅಪ್ರಾಪ್ತ ಹುಡುಗನ ಹತ್ತಿರ ಮಾತಾಡೂ ಮೊದಲ ಪಾಲಕರ ಒಪ್ಪಿಗಿ ಬರವಣಿಗಿಯೊಳಗ ಬೇಕು. ಹುಡುಗನ ಕಡೆ ಸಹಿ ಮಾಡ್ಸಿ ಕಳಸ್ರಿ ಅನ್ನೂದ ತಪ್ಪು. 18ರ ಒಳಗಿನವರ ವೃತ್ತಿಪರ ಕರಾರು ಮೂರು ವರ್ಷಕ್ಕಿಂತ ಉದ್ದ ಇರಂಗಿಲ್ಲ. ಸಹಿ ಆದ ಕಾಗದದ ಒಂದು ಪ್ರತಿ ಮನ್ಯಾಗ ಇರಲೇಬೇಕು.

ಖಾನಾಪುರದಾಕಿ

ಈಗ ಫೋನ್ ಮಾಡಿ ಹೇಳಿದ್ನಿ. ಅಕ್ಕ ಅತ್ತಳು, ಆದ್ರ ಬಂಗಾರ ಇಡಂಗಿಲ್ಲ ಅಂದಾಳ. ನಿಮಗ ಪುಣ್ಯಾ ಬರಲಿ. ಹುಡುಗಗ ಹಂಗಾದ್ರ ದಾರಿ ಇಲ್ಲೇನ್ರಿ?

ಅನಗೋಳ ಕೀಪರ್

ಯಾಕಿಲ್ಲ ತಂಗಿ. ಇಲ್ಲೇ ಲೇಲೆ ಮೈದಾನದಾಗ ಆಡ್ಲಿ, ಸಾಲಿ ಟೂರ್ನಿ ಆಡ್ಲಿ, ಹತ್ತಿರನ ಗೋವಾ ಐತಿ. ಅಲ್ಲಿ ವಯಸ್ಸಿನ ಗುಂಪಿನ ಟ್ರಯಲ್ ಆಗ್ತಿರತಾವು. ಕ್ಲಬ್ಬೇ ನೇರ ಕರೀತೈತಿ, ನಡುವ ರೊಕ್ಕ ಕೇಳವರು ಬೇಕಾಗಿಲ್ಲ.

ಲೆಕ್ಕದ ಪುಸ್ತಕ, ಟಿಳಕವಾಡಿ

ಇಲ್ಲಿಗೆ ಬಂದಮ್ಯಾಲ ನಾ ಈ ಚರ್ಚಾ ಯಾಕ ಚಾಲೂ ಮಾಡಿದ್ನಿ ಅಂತ ಹೇಳ್ತೇನಿ.

ಇಸಾಕ್‌ನ 12.5 ಕೋಟಿ ಪೌಂಡ್ ನ್ಯೂಕ್ಯಾಸಲ್‌ಗೆ ಪೂರಾ ಹೋಗಂಗಿಲ್ಲ. ಫಿಫಾದ ಏಕತಾ ಪಾಲು ಅಂತ ಐತಿ: ಟ್ರಾನ್ಸ್‌ಫರ್ ರೊಕ್ಕದಾಗ ಶೇ 5ರಷ್ಟು, ಆಟಗಾರನ 12ರಿಂದ 23 ವಯಸ್ಸಿನ ನಡುವ ಅವನ್ನ ಬೆಳಸಿದ ಕ್ಲಬ್ಬುಗಳಿಗೆ ಹಂಚಬೇಕು. 12ರಿಂದ 15ರ ತನಕ ವರ್ಷಕ್ಕ ಶೇ 0.25, 16ರಿಂದ 23ರ ತನಕ ವರ್ಷಕ್ಕ ಶೇ 0.5. ಇಸಾಕ್ ಸಣ್ಣಂವಿದ್ದಾಗಿಂದ ಹದಿನೇಳರ ತನಕ ಸ್ವೀಡನ್ನಿನ ಎಐಕೆ ಕ್ಲಬ್ಬಿನ್ಯಾಗ ಇದ್ದ. ಲೆಕ್ಕ ಹಾಕಿದ್ರ ಅವರ ಪಾಲು ಸುಮಾರು ಶೇ 2, 20 ಲಕ್ಷ ಪೌಂಡ್ ದಾಟತೈತಿ. ಅಂವ ಆ ಕ್ಲಬ್ ಬಿಟ್ಟು ಎಂಟು ವರ್ಷದ ಮ್ಯಾಲ ಆಗಿತ್ತು.

ಈಗ ನಮ್ಮ ಕಡೆ ಬರ್ರಿ. ಖಾನಾಪುರದ ಆ ಹುಡುಗ ನಾಕು ವರ್ಷ ಬೆಳಗಾವಿಯ ಒಂದು ಸಣ್ಣ ಕ್ಲಬ್ಬಿನ್ಯಾಗ ಆಡ್ಯಾನ ಅನ್ರಿ. ಮುಂದ ಬೆಂಗಳೂರು ಇಲ್ಲಾ ಗೋವಾ, ಅಲ್ಲಿಂದ ಪರದೇಶದ ಕ್ಲಬ್ಬಿಗೆ 2 ಕೋಟಿ ರೂಪಾಯಿಗೆ ಹೋದ. 12ರಿಂದ 15ರ ನಾಕು ವರ್ಷಕ್ಕ ಶೇ 1. ಎರಡು ಲಕ್ಷ ರೂಪಾಯಿ ನಮ್ಮ ಸಣ್ಣ ಕ್ಲಬ್ಬಿಗೆ. ಗೋಲ್ ಪೋಸ್ಟಿನ ಜಾಳಿಗಿ, ಚೆಂಡು, ಹುಡುಗರ ಬೂಟು, ಎಲ್ಲಾ ಬರ್ತಾವು.

ಆದ್ರ ಒಂದು ಶರತ್ತು. ಹುಡುಗ ಆ ವರ್ಷ ಆ ಕ್ಲಬ್ಬಿನ್ಯಾಗ ಇದ್ದ ಅಂತ ಫೆಡರೇಶನ್‌ನ ನೋಂದಣಿ ವ್ಯವಸ್ಥಾದಾಗ ದಾಖಲಾ ಇರಬೇಕು. 2022ರಿಂದ ಫಿಫಾ ಈ ರೊಕ್ಕ ಹಂಚಾಕ ಪ್ಯಾರಿಸ್‌ನ್ಯಾಗ ಕ್ಲಿಯರಿಂಗ್ ಹೌಸ್ ಚಾಲೂ ಮಾಡೇತಿ. ಹುಡುಗನ ನೋಂದಣಿ ಚರಿತ್ರಾ ನೋಡಿ ಪಾಲು ಹಾಕ್ತಾರ. ಅದರಾಗ ನಮ್ಮ ಕ್ಲಬ್ಬಿನ ಹೆಸರು ಇಲ್ಲಂದ್ರ, ನಾವ ಬೆಳಸಿದ್ವಿ ಅಂತ ಎಷ್ಟ ಕೂಗಿದ್ರೂ ಬರಂಗಿಲ್ಲ. ನಮ್ಮಲ್ಲಿ ಎಷ್ಟೋ ಹುಡುಗರು ಟೂರ್ನಿಗೆ ಒಂದು ಅಂಗಿ, ಇನ್ನೊಂದು ಟೂರ್ನಿಗೆ ಇನ್ನೊಂದು ಅಂಗಿ ಹಾಕಿ ಆಡ್ತಾರ. ನೋಂದಣಿ ಮಾತ ಇಲ್ಲ. ಇದು ನನ್ನ ನಿದ್ದಿ ಕೆಡಿಸಿದ ಸಂಗತಿ.

ಗೋಕಾಕ ರೆಡ್

ಇಷ್ಟು ವರ್ಷ ಪ್ರೀಮಿಯರ್ ಲೀಗ್ ನೋಡೇನಿ, ಇದು ಗೊತ್ತಿದ್ದಿಲ್ಲ. ನಮ್ಮ ಕಡೆ ಹುಡುಗರ ನೋಂದಣಿಗೆ ಏನೇನ್ ಬೇಕು ಸರ?

ವಡಗಾವಿ ಹಾಫ್

ಮೊದಲ ಕ್ಲಬ್ ಜಿಲ್ಲಾ ಸಂಸ್ಥಾದಾಗ, ರಾಜ್ಯ ಸಂಸ್ಥಾದಾಗ ಸೇರಿರಬೇಕು. ಅದಿಲ್ಲದ ಹುಡುಗನ ನೋಂದಣಿ ಮುಂದ ಹೋಗಂಗಿಲ್ಲ. ಹುಡುಗಂದು ಜನ್ಮ ದಾಖಲಾ, ಫೋಟೋ, ಪಾಲಕರ ಸಹಿ ತಯಾರ ಇಟ್ಕೊಳ್ರಿ. ಜನ್ಮ ದಾಖಲಾದಾಗ ವಯಸ್ಸು ಕಡಿಮಿ ಮಾಡಿಸಬ್ಯಾಡ್ರಿ, ಮುಂದ ಎಲುಬಿನ ಪರೀಕ್ಷಾ ಆದಾಗ ಹುಡುಗನ ಹೆಸರ ಕೆಡತೈತಿ.

ಲೆಕ್ಕದ ಪುಸ್ತಕ, ಟಿಳಕವಾಡಿ

ವಡಗಾವಿಯವರು ಸರಿ ಹೇಳ್ಯಾರ. ಈ ಐತವಾರ ಮುಂಜಾನಿ ಪ್ರಾಕ್ಟೀಸ್ ಆದ ಮ್ಯಾಲ ನಾ ಲೇಲೆ ಮೈದಾನದಾಗ ಇರತೇನಿ. ಕ್ಲಬ್ ನಡಸವರು ತಮ್ಮ ಹುಡುಗರ ಪಟ್ಟಿ ತರ್ರಿ, ಫಾರ್ಮ್ ತುಂಬಾಕ ಕುಂಡ್ರೂನು. ಖಾನಾಪುರದ ಅಕ್ಕಾರ, ನಿಮ್ಮ ಹುಡುಗನ್ನೂ ಕರಕೊಂಡು ಬರ್ರಿ. ಅಂವ ಕೊಟ್ಟ ಕಾಗದಾನೂ ಇರಲಿ, ಪೊಲೀಸ್ ಸ್ಟೇಷನ್ನಿಗೆ ಕೊಡಬೇಕೇನು ಅಂತ ಓದಿ ನೋಡೂನು.

ಖಾನಾಪುರದಾಕಿ

ಬರ್ತೇವ್ರಿ. ಬೂಟು ಹಾಕ್ಕೊಂಡ ಬರ್ಲಿ ಏನು ಅಂತ ಹುಡುಗ ಕೇಳಾಕತ್ತಾನ.

ಅನಗೋಳ ಕೀಪರ್

ಹಾಕ್ಕೊಂಡ ಬರಾಕ ಹೇಳವ್ವಾ. ಗೋಲ್‌ನ್ಯಾಗ ನಾ ನಿಲ್ತೇನಿ, ಆ ಎಡಗಾಲು ನೋಡೂನು.